ಬೆರಳಚ್ಚು ಮೂಡದ ಕೈಗಳು

ರೋಗಿಗಳ ದಾಖಲೆಯನ್ನು ಅವರ ಬೆರಳಚ್ಚಿನಿಂದ ದೇಶದ ಯಾವ ಆಸ್ಪತ್ರೆಯಲ್ಲಾದರೂ ತೆರೆದು ನೋಡಬಹುದಾದ ಸೇವೆಯೊಂದರ ಬಗ್ಗೆ ಜನರ ಅನಿಸಿಕೆ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಗೌರಿಬಿದನೂರು, ಚಿಂತಾಮಣಿಗಳಲ್ಲಿ ಕೇಳಿದವರೆಲ್ಲ "ಚೆನ್ನಾಗೈತೆ ಬಿಡಮ್ಮ" ಎಂದು ನನ್ನನ್ನು ಸಾಗಹಾಕಿದ್ದರು. ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಮಾತ್ರ, ರೇಷ್ಮೆ ನೂಲು ತೆಗೆಯುವ ಹೆಂಗಸೊಬ್ಬರು ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದರು.

"ಬಿಸಿನೀರಲ್ಲಿ ಗೂಡು ತಿರುವಿ ತಿರುವಿ ಗೆರೆಗಳೇ ಸವೆದೋಗಿವೆ ಮೇಡಂ. ಎಷ್ಟು ಸಲ ಬೆರಳಿಟ್ರೂ ಮೆಷಿನ್ ಒಪ್ಪಲ್ಲ. ನನ್ನ ಶುಗರ್ ರಿಪೋರ್ಟ್ ಒಳಗೇ ಐತೆ, ಡಾಕ್ಟ್ರು ನೋಡಂಗಿಲ್ಲ. ಇದನ್ನ ಬರ್ಕೊಳ್ತೀರಾ?"

ಬರೆದುಕೊಂಡೆ. ನಮ್ಮ ಕಚೇರಿಯ ಸಭೆಯಲ್ಲಿ ಅದನ್ನು ಓದಿದಾಗ ಮೇಲಧಿಕಾರಿ, "ಒಬ್ಬರ ಕೈಗೋಸ್ಕರ ಇಡೀ ವ್ಯವಸ್ಥೆ ಬದಲಾಯಿಸೋಕಾಗುತ್ತಾ?" ಎಂದರು. ನನಗೆ ರೋಷ ಬಂತು. ಮರುದಿನವೇ ಬೆರಳಚ್ಚಿನ ಯಂತ್ರ ಹಿಡಿದು ಆಕೆಯ ಜೊತೆ ನೂಲು ತೆಗೆಯುವ ಶೆಡ್ಡುಗಳಿಗೆ ಹೋದೆ. ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಸಾಲಾಗಿ ಬೆರಳಿಟ್ಟರು. ಬಹುಪಾಲು ಕೈಗಳನ್ನು ಯಂತ್ರ ಗುರುತಿಸಲಿಲ್ಲ. ಅವರ ಒಪ್ಪಿಗೆ ಪಡೆದು ಅದೆಲ್ಲವನ್ನೂ ವಿಡಿಯೊ ಮಾಡಿ ಮೇಲಧಿಕಾರಿಗೂ ದೆಹಲಿಯ ಕಚೇರಿಗೂ ಕಳಿಸಿದೆ. ವಾರದೊಳಗೆ ಅದೇ ಅಧಿಕಾರಿ ಫೋನ್ ಮಾಡಿ, "ನೀವು ಹೇಳಿದ್ದೇ ಸರಿ" ಎಂದರು.

ಕೆಲವು ತಿಂಗಳ ನಂತರ, ಮುಖ ತೋರಿಸಿದರೂ ದಾಖಲೆ ತೆರೆಯುವ ಏರ್ಪಾಡು ಬಂತು. ಆಕೆಯನ್ನೇ ಮೊದಲು ಕರೆದೆ. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ಕ್ಯಾಮೆರಾ ಎದುರು ಕೂತರು. ಪರದೆಯ ಮೇಲೆ ಅವರ ಹೆಸರು, ಹಿಂದೆಯೇ ಹಳೆಯ ರಿಪೋರ್ಟುಗಳು ಮೂಡಿದವು. ಡಾಕ್ಟರು ಓದಿ ಮಾತ್ರೆ ಬದಲಿಸಿದರು. ಆಕೆ ಹೊರಬಂದವರೇ, ಕಾಯುತ್ತಿದ್ದ ಗೆಳತಿಯರಿಗೆ, "ಬನ್ರೇ, ನಮ್ಮ ಮಾತು ದೆಲ್ಲಿವರೆಗೂ ಕೇಳಿಸೈತೆ!" ಎಂದು ಕೂಗಿದರು. ಆಸ್ಪತ್ರೆ ಎನ್ನುವುದನ್ನೂ ಮರೆತು ನಾನು ಚಪ್ಪಾಳೆ ತಟ್ಟಿದೆ.