ಆರು ಬೇಳೆಗಳ ವೈವಾಹಿಕ ಉತ್ಸವ

ಶಹಾಬಾದ್ ಸ್ಟೇಷನ್ನಿನ ಹೊರಗೆ ಒಂದು ಚಹಾದ ಅಂಗಡಿ ಇದೆ. ಮೊನ್ನೆ ಗಾಡಿ ತಡವೆಂದು ಅದರ ಬೆಂಚಿನ ಮೇಲೆ ಕುಳಿತು ಚಹಾ ಹೀರುತ್ತ ಸುಮ್ಮನೆ ತಲೆ ಎತ್ತಿದೆ. ಅಂಗಡಿಯ ಚಪ್ಪರಕ್ಕೆ ಹೊದಿಸಿದ್ದ ಹಳೆಯ ಫ್ಲೆಕ್ಸಿನಿಂದ ಒಬ್ಬ ಹೆಂಗಸು ತಲೆಕೆಳಗಾಗಿ ನನ್ನನ್ನೇ ನೋಡಿ ನಗುತ್ತಿದ್ದಳು. ಎಲ್ಲೋ ನೋಡಿದ ಮುಖ. ಕತ್ತು ಹೊರಳಿಸಿ, ಇನ್ನೂ ಹೊರಳಿಸಿ ಓದಿದೆ. 'ವೈವಾಹಿಕ ಉತ್ಸವ. ಸಂಯೋಜಕಿ:' ಅದರ ಮುಂದೆ ನನ್ನದೇ ಹೆಸರು. ಸ್ಟೋವಿನ ಹಬೆಯೆಲ್ಲ ನೇರವಾಗಿ ಫ್ಲೆಕ್ಸಿನಲ್ಲಿದ್ದ ನನ್ನ ಮೂಗಿಗೇ ಹೋಗುತ್ತಿತ್ತು. ನಮ್ಮ ಕಾಲೇಜಿನ ರದ್ದಿಯಲ್ಲಿ ಮಾರಾಟವಾದದ್ದು ಅಲ್ಲಿಗೆ ಹೇಗೆ ಬಂತೋ ತಿಳಿಯದು. ಅಂಗಡಿಯವನಿಗೆ ಗುರುತು ಸಿಗಬಾರದೆಂದು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಚಹಾ ಮುಗಿಸಿದೆ.

ನಾನು ಮದುವೆಯ ದಲ್ಲಾಳಿ ಎಂದು ನೀವು ತಿಳಿಯುವ ಮೊದಲು ಆ ಫ್ಲೆಕ್ಸಿನ ಕಥೆ ಹೇಳಿಬಿಡುತ್ತೇನೆ.

ನಾನು ಸೇಡಂನ ಒಂದು ಪದವಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಶಹಾಬಾದಿನಲ್ಲಿ ಗಾಡಿ ಹತ್ತಿದರೆ ವಾಡಿ, ಚಿತ್ತಾಪುರ ದಾಟಿ ಸೇಡಂ. ಸಂಜೆ ಅದನ್ನೇ ಹಿಂದುಮುಂದಾಗಿ. 'ಅತಿಥಿ' ಎಂಬುದು ನಮ್ಮ ಇಲಾಖೆ ಕೊಟ್ಟ ಮರ್ಯಾದೆಯ ಪದ. ಪ್ರತಿ ವರ್ಷ ಬೇಸಗೆಯಲ್ಲಿ ಅತಿಥಿಯನ್ನು ಹೊರಗೆ ಕಳಿಸುತ್ತಾರೆ, ಮಳೆಗಾಲಕ್ಕೆ ಮತ್ತೆ ಕರೆದರೆ ಕರೆಯುತ್ತಾರೆ. ಆದ್ದರಿಂದ ಪ್ರಾಚಾರ್ಯರು ಏನು ಹೇಳಿದರೂ 'ಹೂಂ' ಎನ್ನುವ ಅಭ್ಯಾಸ ನನಗೆ ಆ ಕಾಲಕ್ಕೆ ಚೆನ್ನಾಗಿ ಆಗಿತ್ತು.

ಆರೇಳು ವರ್ಷದ ಹಿಂದೆ ಒಂದು ದಿನ ಅವರು ನನ್ನನ್ನು ಕರೆದು ಒಂದು ಪತ್ರ ತೋರಿಸಿದರು. ಕಾಲೇಜಿನ ಮೌಲ್ಯಮಾಪನಕ್ಕೆ ಸಮಿತಿ ಬರುತ್ತದೆ. ಕಾಲೇಜು ತನ್ನ ಆವರಣದಲ್ಲಿ ಬಹುಸಂಸ್ಕೃತಿಯ ಚಟುವಟಿಕೆಗಳನ್ನು ನಡೆಸುತ್ತಿದೆಯೇ? ಹೌದಾದರೆ ಫೋಟೊ ಲಗತ್ತಿಸಿ.

"ಮೇಡಮ್, ನಮ್ಮಲ್ಲಿ ಬಹುಸಂಸ್ಕೃತಿ ಅದ ಏನ್ರಿ?" ಎಂದು ಕೇಳಿದರು, ಸ್ಟೋರ್ ರೂಮಿನಲ್ಲಿ ಸುಣ್ಣ ಇದೆಯೇ ಎಂದು ಕೇಳುವ ದನಿಯಲ್ಲಿ.

"ಹುಡುಕಬೇಕು ಸರ್."

"ಹುಡುಕ್ರಿ. ಹದಿನೈದು ದಿನದಾಗ ಕಮಿಟಿ ಬರ್ಲಿಕತ್ತದ. ಅವ್ರು ಛಲೋ ಬರದ್ರ, ಮುಂದಿನ ವರ್ಷದ ಲಿಸ್ಟಿನ್ಯಾಗ ನಿಮ್ಮ ಹೆಸರು ನಾನೇ ಮೊದಲ ಬರೀತೀನಿ."

ಕೆಟ್ಟದ್ದು ಬರೆದರೆ ಏನು ಎಂದು ಅವರು ಹೇಳಲಿಲ್ಲ. ಅತಿಥಿಗಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ.

ಹುಡುಕಲು ಹೊರಟೆ. ಅಂತಿಮ ವರ್ಷದ ತರಗತಿಗೆ ಹೋಗಿ, ಆಗ ನನಗೆ ಬಹಳ ಹೆಮ್ಮೆಯಿದ್ದ ಗ್ರಾಂಥಿಕ ಕನ್ನಡದಲ್ಲಿ, "ನಿಮ್ಮಲ್ಲಿ ಅನ್ಯ ಸಂಸ್ಕೃತಿಗೆ ಸೇರಿದವರು ಯಾರಿದ್ದೀರಿ? ಕೈ ಎತ್ತಿರಿ" ಎಂದೆ. ಯಾರೂ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕೊನೆಯ ಬೆಂಚಿನಿಂದ ಒಂದು ಕೈ ಮೇಲೆ ಬಂತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅತ್ತ ಓಡಿಯೇ ಹೋದೆ.

"ಮೇಡಮ್, ಹೊರಗ ಹೋಗಿ ಬರ್ಲ್ಯಾ ರೀ?" ಎಂದ.

ಆಮೇಲೆ ಹಾಜರಿ ಪುಸ್ತಕ ತೆರೆದು ಹೆಸರುಗಳನ್ನೇ ಜಾಲಾಡಿದೆ. ಮಿನತಿ ಎಂಬ ಹೆಸರು ಸಿಕ್ಕಿತು. ತಂದೆ ವಾಡಿಯಲ್ಲಿ ರೈಲ್ವೆ ನೌಕರ, ಮೂಲ ಒಡಿಶಾ. ಅವಳನ್ನು ಸ್ಟಾಫ್ ರೂಮಿಗೆ ಕರೆದು, ಕುರ್ಚಿ ಕೊಟ್ಟು, "ನೀನು ಒಡಿಶಾದವಳಲ್ಲವೇ?" ಎಂದೆ.

"ಅಲ್ರಿ ಮೇಡಮ್, ನಾ ವಾಡಿದಾಕಿ."

"ಮನೆಯಲ್ಲಿ ಒಡಿಯಾ ಮಾತಾಡುತ್ತೀರಲ್ಲ?"

"ಅಪ್ಪ ಊರಿಗಿ ಫೋನ್ ಹಚ್ಚಿದಾಗ ಅಷ್ಟೇ ರೀ. ಮುಂಜಾನಿ ನೀರು ಬರ್ಲಿಲ್ಲಂದ್ರ ಎಲ್ಲಾರೂ ಕನ್ನಡದಾಗೇ ಒದರ್ತೀವಿ."

ಇದರಿಂದ ನನ್ನ ಕೆಲಸ ಆಗುವಂತಿರಲಿಲ್ಲ. ಅವರು ತಾವಾಗಿ ಬೇರೆಯವರಾಗಲು ಒಪ್ಪದಿದ್ದರೆ ನಾನೇ ಮಾಡಬೇಕೆಂದು ಹುಡುಗರನ್ನು ಮನೆಮಾತಿನ ಪ್ರಕಾರ ಆರು ಗುಂಪು ಮಾಡಿದೆ: ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮತ್ತು ಒಬ್ಬಳೇ ಇದ್ದರೂ ಮಿನತಿಯ ಒಡಿಯಾ. ಪ್ರತಿ ಗುಂಪಿಗೂ ಒಂದು ಮೇಜು. ಪ್ರತಿ ಮೇಜಿನ ಮೇಲೂ ಆ ಸಂಸ್ಕೃತಿಯ ಒಂದು ಅಡುಗೆ. ಏನು ಮಾಡುತ್ತೀರೆಂದು ಯಾರಿಗೂ ಹೇಳಬಾರದು, ಅಚ್ಚರಿ ಇರಬೇಕು ಎಂದು ತಾಕೀತು ಮಾಡಿದೆ. ಇಂಥ ಬುದ್ಧಿ ನನಗೆ ಆಗಾಗ ಬರುತ್ತದೆ, ಬಂದಾಗ ಯಾರಾದರೂ ಪಕ್ಕದಲ್ಲಿದ್ದು ತಡೆಯಬೇಕು.

ಫ್ಲೆಕ್ಸಿನ ಅನಾಹುತವೂ ನನ್ನದೇ. 'ವೈವಿಧ್ಯ ಉತ್ಸವ' ಎಂದು ಬರೆಸಲು ಚಿತ್ತಾಪುರದ ಅಂಗಡಿಗೆ ಗಾಡಿಯಿಂದಲೇ ಫೋನ್ ಹಚ್ಚಿದೆ. ಅದೇ ಹೊತ್ತಿಗೆ ಪಕ್ಕದ ಹಳಿಯಲ್ಲಿ ಒಂದು ಗೂಡ್ಸ್ ಗಾಡಿ ಹೊರಟಿತು. "ವೈವಿ... ವೈವಿ..." ಎಂದು ನಾನು ಕೂಗಿದೆ. "ಗೊತ್ತಾಯ್ತ್ರಿ ಮೇಡಮ್, ಲಗ್ನದ್ದಲ್ಲಾ? ಫೋಟೊ ಕಳಸ್ರಿ" ಎಂದು ಅವನು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಬರೀ "ಫೋಟೊ ಕಳಸ್ರಿ" ಎಂದು. ಕಳಿಸಿದೆ.

ಆ ದಿನ ಬೆಳಿಗ್ಗೆ ಕಾಲೇಜಿನ ಗೇಟಿನ ಮೇಲೆ ನನ್ನ ನಗುಮುಖದ ಪಕ್ಕ ಕೆಂಪಕ್ಷರದಲ್ಲಿ 'ವೈವಾಹಿಕ ಉತ್ಸವ' ತೂಗುತ್ತಿತ್ತು. ಅಂಗಡಿಯವನು ಮೂಲೆಯಲ್ಲಿ ಬಾಸಿಂಗದ ಚಿತ್ರವನ್ನೂ ಪುಕ್ಕಟೆ ಹಾಕಿದ್ದಾನೆಂದು ಅದನ್ನು ಕಟ್ಟುವವನು ಹೊಗಳಿದ. ಇಳಿಸಿ ಬೇರೆ ತರಿಸಲು ಹೊತ್ತಿರಲಿಲ್ಲ. ಸಮಿತಿ ಹನ್ನೊಂದಕ್ಕೆ ಬರುವುದಿತ್ತು. ಅದಕ್ಕಿಂತ ಮೊದಲು ಪೂಜಾ ರಾಠೋಡ ಬಂದಳು, ಕಣ್ಣೊರೆಸಿಕೊಳ್ಳುತ್ತ, ಖಾಲಿ ಡಬ್ಬಿ ಹಿಡಿದುಕೊಂಡು. ಚಿಂಚೋಳಿಯ ಆಚೆಯ ತಾಂಡಾದ ಹುಡುಗಿ, ಲಂಬಾಣಿ ಮೇಜಿನವಳು.

"ಏನಾಯಿತು ಪೂಜಾ?"

"ಬಸ್ ತೆಗ್ಗಿನ್ಯಾಗ ಎತ್ತಿ ಒಗೀತ್ರಿ ಮೇಡಮ್. ನಮ್ಮ ಸಂಸ್ಕೃತಿ ಎಲ್ಲಾ ಕಂಡಕ್ಟರ್ ಪ್ಯಾಂಟಿನ ಮ್ಯಾಲ ಹೋಯ್ತು."

ನಗಬಾರದಿತ್ತು. ಅವಳ ಅವ್ವ ನಸುಕಿನಲ್ಲಿ ಎದ್ದು ಮಾಡಿಕೊಟ್ಟದ್ದಂತೆ. ನಾನು ಸಮಾಧಾನ ಹೇಳುವಷ್ಟರಲ್ಲಿ ಮಿನತಿ ಅವಳ ಡಬ್ಬಿ ಕಿತ್ತುಕೊಂಡು, "ಅಳಬ್ಯಾಡ ನಡೀ, ನಂದ್ರಾಗ ಅರ್ಧಾ ಕೊಡ್ತೀನಿ" ಎಂದು ಒಳಗೆ ಎಳೆದುಕೊಂಡು ಹೋದಳು. ಒಡಿಶಾದ ಅಡುಗೆ ತಾಂಡಾದ್ದು ಹೇಗಾದೀತು ಎಂದು ಕೇಳಬೇಕೆಂದುಕೊಂಡೆ. ಆಗ ಗೇಟಿನಲ್ಲಿ ಕಾರು ನಿಂತಿತು.

ಸಮಿತಿಯಲ್ಲಿ ಮೂವರು. ಅಧ್ಯಕ್ಷರು ಮೈಸೂರು ಕಡೆಯ ಹಿರಿಯ ಪ್ರಾಧ್ಯಾಪಕರು, ಮೃದು ಮಾತು, ಕೈಯಲ್ಲಿ ಸದಾ ತೆರೆದ ನೋಟ್ ಪುಸ್ತಕ. ಗೇಟಿನ ಫ್ಲೆಕ್ಸ್ ಓದಿ, ನನ್ನ ಮುಖ ನೋಡಿ, "ಶುಭವಾಗಲಮ್ಮ" ಎಂದರು. ನಾನು ಧನ್ಯವಾದ ಹೇಳಿದೆ. ಬೇರೆ ಏನು ಹೇಳಲಿ?

ಸಭಾಂಗಣದಲ್ಲಿ ಮೇಜುಗಳ ಮುಚ್ಚಳಗಳನ್ನು ಒಂದೊಂದಾಗಿ ತೆರೆದರು. ಕನ್ನಡದ ಮೇಜಿನಲ್ಲಿ ತೊಗರಿ ಬ್ಯಾಳಿ. ಸರಿ, ಒಳ್ಳೆಯದೇ. ಉರ್ದು ಮೇಜಿನಲ್ಲಿ ಖಟ್ಟಿ ದಾಲ್. ಅದೂ ತೊಗರಿ. ತೆಲುಗು ಮೇಜಿನಲ್ಲಿ ಪಪ್ಪು. ಮರಾಠಿಯಲ್ಲಿ ವರಣ. ಒಡಿಯಾದಲ್ಲಿ ಡಾಲಿ. ಲಂಬಾಣಿಯಲ್ಲಿ ದಾಳ. ಆರು ಮೇಜು, ಆರು ಹೆಸರು, ಆರು ಪಾತ್ರೆಗಳಲ್ಲೂ ಹಳದಿ ತೊಗರಿ ಬೇಳೆ. ನನಗೆ ಹೊಳೆಯಬೇಕಿತ್ತು. ಆಗಷ್ಟೇ ರಾಶಿ ಮುಗಿದು ಈ ಭಾಗದ ಮನೆಮನೆಯಲ್ಲೂ ಹೊಸ ತೊಗರಿ ಬಂದು ಬಿದ್ದಿತ್ತು. ಅವರವರ ಅವ್ವಂದಿರು ಕೈಗೆ ಸಿಕ್ಕ ಒಳ್ಳೆಯದನ್ನೇ ಮಾಡಿ ಕಳಿಸಿದ್ದರು.

ಪ್ರಾಚಾರ್ಯರು ನನ್ನ ಕಿವಿಯ ಬಳಿ ಬಂದು, "ಮೇಡಮ್, ಇದೇನ್ರಿ, ಎಲ್ಲಾ ಒಂದೇ ಗಡಿಗಿದಾ?" ಎಂದರು. ಅವರ ದನಿಯಲ್ಲಿ ಮುಂದಿನ ವರ್ಷದ ಪಟ್ಟಿ ಹರಿದುಹೋಗುವ ಸಪ್ಪಳ ನನಗೆ ಸ್ಪಷ್ಟವಾಗಿ ಕೇಳಿಸಿತು.

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮುಂದೆ ಹೋಗಿ ನಿಂತು ವ್ಯಾಖ್ಯಾನ ಶುರುಮಾಡಿದೆ. ಖಟ್ಟಿ ದಾಲಿನಲ್ಲಿ ಆಸ್ಥಾನದ ಗಾಂಭೀರ್ಯವಿದೆ ಎಂದೆ. ವರಣದಲ್ಲಿ ಭಕ್ತಿಯ ಸರಳತೆ ಎಂದೆ. ಪಪ್ಪಿನಲ್ಲಿ ಏನಿದೆಯೆಂದು ತೋಚದೆ "ಪಪ್ಪಿನಲ್ಲಿ ಪಪ್ಪಿನತನ" ಎಂದುಬಿಟ್ಟೆ. ಅಧ್ಯಕ್ಷರು ಅದನ್ನೂ ಬರೆದುಕೊಂಡರು. ಒಂದೊಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ತಲೆದೂಗಿದರು. ಮಿನತಿಯ ಡಾಲಿಯಲ್ಲಿ ಸಮುದ್ರ ತೀರದ ಮೃದುತ್ವವನ್ನೂ, ಪೂಜಾಳ ದಾಳದಲ್ಲಿ ಗುಡ್ಡಗಾಡಿನ ಒರಟು ಸೊಗಸನ್ನೂ ನಾನು ವರ್ಣಿಸಿದಾಗ, "ನಿಜ ಕಣಮ್ಮ. ಆರರಲ್ಲೂ ಅತ್ಯಂತ ಭಿನ್ನವಾದವು ಇವೆರಡೇ" ಎಂದು ಗೆರೆ ಎಳೆದರು. ಪೂಜಾ ನೆಲ ನೋಡಿದಳು. ಮಿನತಿ ಸೂರು ನೋಡಿದಳು.

ನನ್ನ ಬೇಳೆ ಬೆಂದಿತು ಎಂದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ಧೋತರ, ಟೊಪ್ಪಿಗೆಯ ಹಿರಿಯರೊಬ್ಬರು ಕಾಣಿಸಿಕೊಂಡರು. ಹೆಸರು ಶರಣಪ್ಪ, ತೆಂಗಳಿಯವರು. ಬಜಾರಿಗೆ ಬಂದವರು ಫ್ಲೆಕ್ಸ್ ನೋಡಿ, ಮಗನಿಗೆ ಹೆಣ್ಣು ಸಿಗಬಹುದೆಂದು ಅವನ ಫೋಟೊ ಸಮೇತ ಒಳಗೆ ಬಂದಿದ್ದರು. ಇದು ನನಗೆ ಆಮೇಲೆ ತಿಳಿದದ್ದು. ಅಧ್ಯಕ್ಷರು ಅವರನ್ನು ಕಾಲೇಜು ಕರೆಸಿದ ಸ್ಥಳೀಯ ತಜ್ಞರೆಂದು ತಿಳಿದರು.

"ಬನ್ನಿ ಯಜಮಾನರೇ. ಇವೆರಡನ್ನು ರುಚಿ ನೋಡಿ ನಿಮ್ಮ ಅಭಿಪ್ರಾಯ ಹೇಳಿ" ಎಂದು ಎರಡು ಬಟ್ಟಲು ಮುಂದಿಟ್ಟರು.

ಬೀಗರ ಮನೆಯ ಅಡುಗೆ ಎಂದುಕೊಂಡಿರಬೇಕು, ಶರಣಪ್ಪನವರು ಮರ್ಯಾದೆಯಿಂದ ಕುಳಿತು ಎರಡನ್ನೂ ಉಂಡರು.

"ಛಲೋ ಅದರಿ. ಆದ್ರ ಎರಡು ಬಟ್ಟಲ ಯಾಕ್ರಿ ಸಾಹೇಬ್ರ? ಎರಡೂ ಒಂದೇ ಡಬ್ಬಿದು."

"ಇರಲಾರದು. ಸರಿಯಾಗಿ ನೋಡಿ."

"ಐವತ್ತು ವರ್ಷಾಯ್ತ್ರಿ ತೊಗರಿ ಬೆಳೀಲಿಕತ್ತು. ಬಳ್ಳೊಳ್ಳಿ ಸ್ವಲ್ಪ ಹೊತ್ತೇದ. ಇದ್ರಾಗೂ ಹೊತ್ತೇದ, ಅದ್ರಾಗೂ ಹೊತ್ತೇದ. ಒಗ್ಗರಣಿ ಒಂದೇ ಕೈದು."

ಅಧ್ಯಕ್ಷರು ಪೆನ್ನಿಗೆ ಟೊಪ್ಪಿಗೆ ಹಾಕಿದರು. ನಾನು ಬಾಯಿ ತೆರೆದೆ, ಗ್ರಾಂಥಿಕ ಕನ್ನಡ ಒಂದು ಶಬ್ದವನ್ನೂ ಕೊಡಲಿಲ್ಲ. ಆಗ ಪೂಜಾ ತಾನಾಗಿಯೇ ಮುಂದೆ ಬಂದಳು.

"ಸರ್, ಅವ್ರು ಹೇಳಿದ್ದು ಖರೇ ಅದರಿ. ಅದು ಮಿನತಿದೇ. ಮೇಡಮ್‌ದು ತಪ್ಪಿಲ್ಲ, ನಂದು ಬಸ್ಸಿನ್ಯಾಗ ಚೆಲ್ತು. ಆದ್ರ ನಮ್ಮವ್ವಂದು ಬ್ಯಾರೇನೇ ಇತ್ತ್ರಿ. ಅಕಿ ಪುಂಡಿಪಲ್ಯಾದ ಹುಳಿ ಎಲಿ ಹಾಕಿ, ಹಸಿಮೆಣಸಿನಕಾಯಿ ಸುಟ್ಟು ಕುಟ್ಟಿ ಮಾಡ್ತಾಳ. ಒಂದ್ಸಲ ನೀವು ಉಂಡಿದ್ರ ಗೊತ್ತಾಗ್ತಿತ್ತು."

ನನ್ನ ತಪ್ಪಿಲ್ಲ ಎಂದಳಲ್ಲ, ಆಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಸಮುದ್ರ ತೀರ, ಗುಡ್ಡಗಾಡು ಎಂದು ಬಾಯಿಗೆ ಬಂದದ್ದನ್ನು ಹೇಳಿದವಳು ನಾನು. ಆ ಅವ್ವ ಬೇಳೆಗೆ ಏನು ಹಾಕಿದ್ದಳೆಂದು ಒಂದು ಮಾತೂ ಕೇಳಿರಲಿಲ್ಲ. "ಸರ್, ತಪ್ಪು ನಂದೇ ರೀ. ನಾ ಹೇಳಿದ್ದೆಲ್ಲಾ ಸುಳ್ಳ" ಎಂದೆ. ಕಾಲೇಜಿನಲ್ಲಿ ನಾನು ನಮ್ಮೂರ ಮಾತಿನಲ್ಲಿ ಆಡಿದ ಮೊದಲ ವಾಕ್ಯ ಅದು.

ಅಧ್ಯಕ್ಷರು ನೋಟ್ ಪುಸ್ತಕದ ಹಾಳೆ ಹಿಂದಕ್ಕೆ ತಿರುವಿ ಓದಿಕೊಂಡರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. "ಪಪ್ಪಿನತನ!" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಂತರ ಪೂಜಾಳ ಕಡೆ ತಿರುಗಿ, "ನಾಳೆ ನಮ್ಮ ಕಾರು ಬೀದರಿಗೆ ಚಿಂಚೋಳಿ ಮೇಲೇ ಹೋಗುತ್ತೆ. ನಿಮ್ಮ ತಾಯಿಗೆ ತೊಂದರೆಯಾಗದಿದ್ದರೆ ಬರಲೇನಮ್ಮ?" ಎಂದು ಕೇಳಿದರು.

ಆ ದಿನ ಸಭಾಂಗಣದಲ್ಲಿ ಆರೂ ಬೇಳೆಗಳನ್ನು ಒಂದೇ ಸಾಲಿನಲ್ಲಿಟ್ಟು ಎಲ್ಲರೂ ರೊಟ್ಟಿಯೊಂದಿಗೆ ಉಂಡರು. ಶರಣಪ್ಪನವರು ಕೈತೊಳೆದು ಬಂದು ನನಗೆ ಮಗನ ಫೋಟೊ ತೋರಿಸಿದರು. ಹೆಣ್ಣು ಇಲ್ಲಿ ಸಿಗುವುದಿಲ್ಲವೆಂದು ವಿವರಿಸಿದೆ. ಅವರು ಫ್ಲೆಕ್ಸನ್ನೂ ನನ್ನನ್ನೂ ಎರಡು ಸಲ ನೋಡಿ, "ಮತ್ತ ನಿಮ್ದು ಲಗ್ನ ಆಗೇದೇನ್ರಿ?" ಎಂದರು. ನನಗೆ ಆಗಲೇ ಇಬ್ಬರು ಮಕ್ಕಳು.

ಸೋಮವಾರ ಪೂಜಾ ಕುಣಿಯುತ್ತ ಬಂದಳು. "ಮೇಡಮ್, ಆ ಸರ್ ಮೂರು ಸಲ ನೀಡಿಸ್ಕೊಂಡ್ರು! ಅವ್ವಾ ಅಂತಾಳ, ಪಾಪ, ಆ ಕಡಿ ಊಟಕ್ಕ ಭಾಳ ತ್ರಾಸ ಕಾಣ್ತದ." ತಿಂಗಳ ಮೇಲೆ ವರದಿ ಬಂತು. ಬಹುಸಂಸ್ಕೃತಿಯ ಚಟುವಟಿಕೆ ಎಂಬುದರ ಮುಂದೆ ಎರಡೇ ವಾಕ್ಯ: 'ಅತ್ಯಂತ ರುಚಿಕರ. ಮೇಜುಗಳ ಅವಶ್ಯಕತೆ ಇರಲಿಲ್ಲ.' ಪ್ರಾಚಾರ್ಯರು ಅದನ್ನು ಮೂರು ಸಲ ಓದಿ, ಎರಡನೆಯದು ಫರ್ನಿಚರಿನ ಬಗ್ಗೆ ಇರಬೇಕೆಂದು ತೀರ್ಮಾನಿಸಿ, ನನ್ನ ಹೆಸರನ್ನು ಪಟ್ಟಿಯಲ್ಲಿ ಬರೆದರು. ಮೊದಲು ಅಲ್ಲ, ನಾಲ್ಕನೆಯದಾಗಿ.

ಈ ವರ್ಷ ಮೌಲ್ಯಮಾಪನಕ್ಕೆ ಪತ್ರದ ಬದಲು ಆನ್‌ಲೈನ್ ನಮೂನೆ ಬಂದಿದೆ. ಭಾನುವಾರ ಮುಂಜಾನೆ ಮನೆಯಲ್ಲಿ ತುಂಬುತ್ತ ಕುಳಿತೆ. ಹೊಸದೊಂದು ಪ್ರಶ್ನೆ ಇತ್ತು: 'ಸಂಯೋಜಕರ ಮಾತೃಭಾಷೆ. ಒಂದನ್ನು ಮಾತ್ರ ಆರಿಸಿ.' ಕೈ ತಾನಾಗಿ ಕನ್ನಡದ ಮೇಲೆ ಹೋಗಿ ನಿಂತಿತು. ಪಕ್ಕದಲ್ಲಿ ನಮ್ಮವ್ವ ಮೆಂತ್ಯಪಲ್ಯ ಬಿಡಿಸುತ್ತ ತನ್ನಷ್ಟಕ್ಕೆ ಏನನ್ನೋ ಗುನುಗುತ್ತಿದ್ದಳು. ಅದು ತೆಲುಗು. ಅವಳ ತವರು ತಾಂಡೂರು ಕಡೆ. ಅಂದು ತರಗತಿಯಲ್ಲಿ ಕೈ ಎತ್ತಿಸಿದ ನಾನು ಇಷ್ಟು ವರ್ಷ ಇದನ್ನು ಒಮ್ಮೆಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಅವ್ವಾ, ನಂದು ಮಾತೃಭಾಷಾ ಯಾವ್ದು?"

"ಕಾಲೇಜಿನ್ಯಾಗ ಕಲಸಾಕಿ ನೀನು, ನನಗ ಕೇಳ್ತಿ?"

"ನಿಂದು ತೆಲುಗು ಅಲ್ಲೇನು?"

"ನಂದು ತೆಲುಗು. ನಿಮ್ಮಪ್ಪಂದು ಕನ್ನಡ. ನೀ ಸಣ್ಣಾಕಿದ್ದಾಗ ನನಗ ಟೈಫಾಯಿಡ್ ಆಗಿ ನಿನ್ನ ಆರು ತಿಂಗಳು ಎತ್ತಾಡಿಸಿದಾಕಿ ಬಾಜು ಮನಿ ಉರ್ದು ಮಾತಾಡೋ ಖಾಲಾ. ನೀ ಮೊದ್ಲ ಮಾತಾಡಿದ್ದೇ 'ಪಾನಿ' ಅಂತ."

ನಾನು ಪಟ್ಟಿಯ ಕೊನೆಗೆ ಹೋಗಿ 'ಇತರೆ' ಒತ್ತಿದೆ. ಕೆಳಗೆ ಒಂದು ಖಾಲಿ ಚೌಕ ತೆರೆದುಕೊಂಡಿತು: 'ನೂರು ಅಕ್ಷರಕ್ಕೆ ಮೀರದಂತೆ ವಿವರಿಸಿ.' ಅದನ್ನು ಅವ್ವನಿಗೆ ಓದಿ ಹೇಳಿದೆ.

"ನೂರ ಅಕ್ಷರಾ?" ಎಂದು ಅವಳು ಪಲ್ಯ ಪಕ್ಕಕ್ಕಿಟ್ಟು, ಕೈ ಝಾಡಿಸಿ, ಕುರ್ಚಿ ಎಳೆದುಕೊಂಡು ಕುಳಿತಳು. "ಅಷ್ಟರಾಗ ನಿಮ್ಮಜ್ಜಿ ಲಗ್ನಾನೂ ಮುಗಿಯಂಗಿಲ್ಲ. ಬರಕೋ, ಸುರು ಮಾಡ್ತೀನಿ."