ಕೆಂಚಣ್ಣನಿಗೆ ಮೊದಲ ಟ್ರೇ

ಶಚಕ್ಕ ಟೆಲಿಫೋನಿಗೂ ತಲೆ ಬಾಗುತ್ತಿದ್ದರು. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಎದುರಿಗೆ ಅವರ ಬೇಕರಿ. ಶಿವಮೊಗ್ಗದ ಮೈದಾ ಏಜೆಂಟನಿಗೆ ಫೋನು ಮಾಡಲು ಬಂದರೆ ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ. ನಿಂತೇ ಮಾತಾಡಿ, ಮುಗಿಸುವಾಗ ಸೊಂಟದಿಂದ ಬಾಗುತ್ತಿದ್ದರು. ಹಣೆ ಬೂತಿನ ಗಾಜಿಗೆ ಟಕ್ಕೆಂದು ತಾಗುತ್ತಿತ್ತು.

“ಶಚಕ್ಕ, ಆ ಏಜೆಂಟನಿಗೆ ಇದೆಲ್ಲ ಕಾಣೂದಿಲ್ಲ.”

“ಕಾಣೂದಿಲ್ಲ ಮಾರಾಯ. ನಾನು ಬಾಗಿದ್ದು ನನಗೆ ಗೊತ್ತಲ್ಲ?”

ಅವರ ಹೆಸರು ಸಚಿಕೊ. ಗಂಡ ಕೆಂಜಿ, ಭತ್ತದ ಸಾಲುನಾಟಿಯನ್ನು ರೈತರಿಗೆ ತೋರಿಸಲು ಜಪಾನಿನಿಂದ ಬಂದ ತಂಡದಲ್ಲಿದ್ದವರು. ತಂಡ ವಾಪಸು ಹೋದರೂ ಅವರಿಗೆ ಇಲ್ಲಿಂದ ಮನಸ್ಸು ಕೀಳಲಾಗಲಿಲ್ಲ. ಊರಿಗೆ ಹೋಗಿ ಮದುವೆಯಾಗಿ, ಹೆಂಡತಿಯನ್ನು ಕರೆತಂದು ಕೊಪ್ಪದಲ್ಲಿ ಇಟ್ಟಿಗೆಯ ಒಲೆ ಕಟ್ಟಿದರು. ನಮ್ಮ ಜನ ಅವರನ್ನು ಕೆಂಚಣ್ಣ, ಶಚಕ್ಕ ಮಾಡಿಕೊಂಡರು. ಇಲ್ಲೇ ಹುಟ್ಟಿದ ಮಗಳು ಉಷಾ ಮದುವೆಯಾಗಿ ಮೈಸೂರಿನಲ್ಲಿದ್ದಳು.

ಅಂಗಡಿಗೆ ಹೆಸರು ತಂದದ್ದು ಒಂದು ಬನ್ನು. ಅಲಸಂದೆ ಬೇಯಿಸಿ ಬೆಲ್ಲ ಹಾಕಿ ರುಬ್ಬಿದ ಹೂರಣ ಒಳಗೆ, ಮೇಲೆ ಎಳ್ಳು. “ಒಲೆಯೊಳಗೆ ಊದಿಕೊಂಡ ಹೋಳಿಗೆ” ಎಂದು ನನ್ನ ಅಪ್ಪ ಚಪ್ಪರಿಸುತ್ತಿದ್ದರು. ಶೆಟ್ಟಿಕೊಪ್ಪದ ಚಾ ಅಂಗಡಿಗೂ ಬಸ್ಸಿನಲ್ಲಿ ಅದರ ಡಬ್ಬಿ ಹೋಗುತ್ತಿತ್ತು. ಮೊಟ್ಟೆ ಹಾಕುತ್ತಾರೋ ಎಂದು ಯಾರಾದರೂ ಅನುಮಾನಿಸಿದರೆ ಶಚಕ್ಕ ವಾದಿಸುತ್ತಿರಲಿಲ್ಲ. “ಒಳಗೆ ಬನ್ನಿ, ನೋಡಿ” ಎಂದು ಒಲೆಯ ಮನೆಗೇ ಕರೆದೊಯ್ಯುತ್ತಿದ್ದರು.

ಆ ಅಭ್ಯಾಸವೇ ಮುಳುವಾಯಿತು. ಕೆಂಚಣ್ಣ ತೀರಿಕೊಂಡ ಮಾರನೆಯ ವರ್ಷ, ಶೃಂಗೇರಿಯ ಶಾಮಭಟ್ಟರು ಮಗಳ ನಿಶ್ಚಿತಾರ್ಥಕ್ಕೆ ಬನ್ನು ಹೇಳಿದ್ದರು. ಒಯ್ಯಲು ಬೆಳಿಗ್ಗೆ ಬೇಗ ಬಂದರು. ನಾನೂ ಅಲ್ಲಿದ್ದೆ. ಶಚಕ್ಕ ಇಬ್ಬರನ್ನೂ ಒಳಗೆ ಕರೆದರು. ಗೋಡೆಯ ಗೂಡಿನಲ್ಲಿ ಕೆಂಚಣ್ಣನ ಫೋಟೋ, ಊದುಬತ್ತಿ. ಅದರ ಮುಂದೆ ಹಬೆಯಾಡುವ ಬನ್ನುಗಳ ಇಡೀ ಟ್ರೇ. ಶಚಕ್ಕ ಪುಟ್ಟ ಗಂಟೆ ಬಾರಿಸಿದರು, ಕಣ್ಣು ಮುಚ್ಚಿ ನಿಂತರು. ಆಮೇಲೆ ಅದೇ ಟ್ರೇ ಎತ್ತಿ ಬುಟ್ಟಿಗೆ ತುಂಬತೊಡಗಿದರು.

“ಇದೆಂತ ಶಚಕ್ಕ?” ಭಟ್ಟರ ದನಿ ಸಣ್ಣದಾಗಿತ್ತು.

“ಮೊದಲ ಟ್ರೇ ಅವರಿಗೆ. ಆಮೇಲೆ ನಿಮಗೆ.” ಅತಿಥಿಗೆ ಮರ್ಯಾದೆ ಮಾಡಿದ ಸಂತೋಷ ಅವರ ಮುಖದಲ್ಲಿತ್ತು.

ಭಟ್ಟರು ಚಾಚಿದ ಕೈ ಹಿಂದೆಗೆದುಕೊಂಡರು. “ಶುಭಕಾರ್ಯ ಅಕ್ಕ. ಸತ್ತವರಿಗೆ ಇಟ್ಟದ್ದನ್ನ ಹ್ಯಾಗೆ ಒಯ್ಯೂದು?” ಕೂಗಾಡಲಿಲ್ಲ. ಮೆಟ್ಟಿಲಿಳಿದು ಹೋದರು. ಶಚಕ್ಕ ಬಾಗಿಲಲ್ಲಿ ನಿಂತು ಅವರ ಬೆನ್ನಿಗೆ ತಲೆ ಬಾಗಿದರು. ಏನು ತಪ್ಪಾಯಿತೆಂದು ನನ್ನನ್ನು ಕೇಳಿದರು. ನಾನು ಬುಟ್ಟಿಯ ಬನ್ನುಗಳನ್ನು ಮತ್ತೆ ಟ್ರೇಗೆ ಜೋಡಿಸತೊಡಗಿದೆ.

ಸುದ್ದಿ ಶೃಂಗೇರಿಯಿಂದ ನರಸಿಂಹರಾಜಪುರದವರೆಗೂ ಹರಡಿತು. ಶೆಟ್ಟಿಕೊಪ್ಪದ ಡಬ್ಬಿ ನಿಂತಿತು. ನಮ್ಮ ಮನೆಯಲ್ಲೂ ಅಮ್ಮ ಅಂದರು: “ಎಡೆ ಇಟ್ಟದ್ದನ್ನ ಮನೆಯೋರು ತಿನ್ನೂದು ಸರಿ. ಊರಿಗೆಲ್ಲ ಮಾರೂದು ಅಂದ್ರೆ ಎಂತ ಮಾರಾಯ? ಆ ಬನ್ನು ಈ ಹೊಸಿಲು ದಾಟೂದು ಬೇಡ.”

ಶಚಕ್ಕನಿಗೆ ಒಂದು ದಾರಿ ಹೇಳಿದೆ. “ಕೆಂಚಣ್ಣಂಗೆ ಅಂತ ಒಂದೇ ಒಂದು ಬನ್ನು ಬೇರೆ ಇಡಿ. ಉಳಿದದ್ದು ಮಾರಿ.”

“ಅವರು ಒಬ್ಬರೇ ಯಾವತ್ತು ತಿಂದಿದ್ದಾರೆ?” ಎಂದರು. ನಿಜ. ಅಂಗಡಿಯಲ್ಲಿ ಯಾರಿದ್ದರೂ ಬನ್ನು ಮುರಿದು ಅರ್ಧ ಕೊಟ್ಟೇ ಕೆಂಚಣ್ಣ ತಿನ್ನುತ್ತಿದ್ದದ್ದು.

ಅಷ್ಟೇ ಅಲ್ಲ, ಗೊತ್ತಿಲ್ಲದೆ ಬಂದ ಗಿರಾಕಿಗೂ, “ಇದು ಅವರ ಮುಂದೆ ಇಟ್ಟದ್ದು. ಬೇಡ ಅಂದ್ರೆ ಹೇಳಿ” ಎನ್ನತೊಡಗಿದರು. ನಾನು ರೇಗಿದೆ: “ಕೇಳದೆ ಯಾಕೆ ಹೇಳ್ತೀರಿ?” “ಮೊಟ್ಟೆ ಇದ್ರೆ ಹೇಳಬೇಕಲ್ವಾ? ಹಾಗೇ ಇದೂ.”

ಆಮೇಲೆ ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ. ಒರೆಸಿದ ಗಾಜಿನ ಡಬ್ಬವನ್ನೇ ಮತ್ತೆ ಒರೆಸುವುದು, ಸಾಲಾಗಿಟ್ಟ ಬನ್ನುಗಳನ್ನು ತೆಗೆದು ಮತ್ತೆ ಸಾಲಾಗಿಡುವುದು. ಬಸ್ಸು ಬಂದ ಸದ್ದಾದರೆ ಕೈ ಒರೆಸಿಕೊಂಡು ಹೊರಗೆ ಬರುತ್ತಿದ್ದರು. ನೋಡುತ್ತಾ ಕೂತ ನನಗೂ ಫೋನಿನ ಬಿಲ್ಲಿನ ಲೆಕ್ಕ ತಪ್ಪುತ್ತಿತ್ತು, ಏಳುತ್ತಿದ್ದೆ, ಕೂರುತ್ತಿದ್ದೆ. ಮೈಸೂರಿನಿಂದ ಉಷಾ ನನ್ನ ಬೂತಿಗೇ ಫೋನು ಮಾಡಿ, “ಅಂಗಡಿ ಮುಚ್ಚಿ ಬಾ ಅಂತ ಅಮ್ಮಂಗೆ ನೀವಾದ್ರೂ ಹೇಳಿ” ಎನ್ನುತ್ತಿದ್ದಳು.

ಬಿಡದೆ ಬರುತ್ತಿದ್ದವರು ನನ್ನ ಅಪ್ಪ. ಬನ್ನು ಕೊಂಡು ನನ್ನ ಬೂತಿನೊಳಗೆ ನುಗ್ಗಿ, ಗೋಡೆಯ ಕಡೆ ತಿರುಗಿ ತಿನ್ನುತ್ತಿದ್ದರು. “ಅಮ್ಮಂಗೆ ಹೇಳ್ಬೇಡ.” ಆ ಮಳೆಗಾಲ ಕಳೆಯುವಷ್ಟರಲ್ಲಿ ಅಪ್ಪನೂ ಹೋದರು.

ವರ್ಷದ ಎಡೆಯ ದಿನ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದರು. “ಅವ್ರಿಗೆ ಆ ಬನ್ನು ಇಡ್ಬೇಕು. ತಗೊಂಡು ಬಾ.”

“ನಿಂಗೆ ಗೊತ್ತಿತ್ತಾ?”

“ದಿನಾ ಅಂಗಿ ಮೇಲೆ ಎಳ್ಳು ತಗೊಂಡು ಬಂದ್ರೆ ಗೊತ್ತಾಗೂದಿಲ್ವಾ?” ಎಂದವರು, ನಾನು ಚಪ್ಪಲಿ ಮೆಟ್ಟುವಾಗ ದನಿ ತಗ್ಗಿಸಿದರು. “ಬೇರೆಯವ್ರಿಗೆ ಇಟ್ಟದ್ದು ಮಾತ್ರ ಬೇಡ.”

ಅಂಗಡಿಯಲ್ಲಿ ಕಪಾಟುಗಳು ಖಾಲಿಯಾಗಿದ್ದವು. ಆ ರಾತ್ರಿ ಉಷಾ ಬಂದು ಮರುದಿನ ಅವರನ್ನು ಕರೆದೊಯ್ಯುವವಳಿದ್ದಳು. ಆದರೂ ಒಲೆ ಉರಿಯುತ್ತಿತ್ತು. “ಅಪ್ಪನ ಎಡೆಗೆ ಒಂದು ಬನ್ನು” ಎಂದೆ. ಅಮ್ಮನ ಕೊನೆಯ ಮಾತನ್ನು ಹೇಳಲಿಲ್ಲ.

ಶಚಕ್ಕ ನನ್ನ ಮುಖ ನೋಡಿದರು. ಟ್ರೇ ಹೊರಗೆಳೆದರು. ಅಭ್ಯಾಸಬಲದಿಂದ ಗೂಡಿನತ್ತ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಟ್ರೇಯ ಬಿಸಿ ಬಟ್ಟೆ ದಾಟಿ ಕೈಗೆ ತಾಗುತ್ತಿದ್ದಿರಬೇಕು, ಆದರೂ ಇಳಿಸಲಿಲ್ಲ. ಕೊನೆಗೆ ಮೇಜಿಗೆ ತಂದಿಟ್ಟು, ಒಂದು ಬನ್ನನ್ನು ಬಾಳೆಲೆಯಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟರು. ಫೋಟೋದ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಅಂದರು.

“ಎಂತ ಹೇಳಿದ್ರಿ?”

“ಇವತ್ತು ಮೊದಲು ಇವರಪ್ಪನಿಗೆ, ನೀವು ಸ್ವಲ್ಪ ಕಾಯಿರಿ ಅಂತ.”

ಎಡೆ ತೆಗೆದ ಮೇಲೆ ಅಮ್ಮ ಬನ್ನು ಮುರಿದು ನಮಗೆಲ್ಲ ಹಂಚಿದರು. ತಮ್ಮ ಪಾಲನ್ನು ಅಂಗೈಯಲ್ಲಿ ಸುಮಾರು ಹೊತ್ತು ಇಟ್ಟುಕೊಂಡಿದ್ದು, ತಿಂದರು. “ಹೂರಣ ಚೆನ್ನಾಗಿದೆ. ಅವ್ಳಿಗೆ ಹೇಳು” ಎಂದರು.

ಮರುದಿನ ಹೋದಾಗ ಬೀಗ ಬಿದ್ದಿತ್ತು. ಬೆಳಗಿನ ಬಸ್ಸಿಗೇ ಹೊರಟಿದ್ದರಂತೆ. ಒಂದು ವಾರ ಎದುರಿನ ಬಾಗಿಲನ್ನು ನೋಡಲಾರದೆ ಒದ್ದಾಡಿ, ಮೈಸೂರಿಗೆ ಫೋನು ಮಾಡಿದೆ. ಉಷಾ ಫೋನನ್ನು ಅಮ್ಮನ ಕೈಗೆ ಕೊಟ್ಟಳು.

“ಶಚಕ್ಕ, ನಮ್ಮಮ್ಮ ಬನ್ನು ತಿಂದ್ರು. ಹೂರಣ ಚೆನ್ನಾಗಿದೆ ಅಂದ್ರು.”

ಆ ಕಡೆಯಿಂದ ಟಕ್ಕೆಂದು, ಏನೋ ಗಟ್ಟಿಯಾದದ್ದಕ್ಕೆ ಹಣೆ ತಾಗಿದ ಸದ್ದು ಕೇಳಿತು.