ಪಂಚಮಿಯ ದಿನ ರಾಣಿಯೇ ಮೇಲು

ನಮ್ಮ ಮನೆಯಲ್ಲಿ ಪಂಚಮಿಯ ದಿನ ಹೆಂಗಸರು ಇಸ್ಪೀಟು ಆಡುತ್ತೇವೆ. ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸದೆ ಚಹಾ ಕೂಡ ಕುಡಿಯದವಳು ಇಸ್ಪೀಟಿನ ಮಾತಾಡುತ್ತಾಳಲ್ಲ ಎಂದು ಯಾರಾದರೂ ಅನ್ನಬಹುದು. ಮದುವೆಯಾಗಿ ಮುಶಿಗೇರಿಯಿಂದ ಸೂಡಿಗೆ ಬಂದ ಹೊಸದರಲ್ಲಿ ನಾನೂ ಮುಖ ಸಿಂಡರಿಸಿದ್ದೆ. ಅತ್ತೆಯವರು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿದರು: "ದೇವ್ರಿಗೆ ಇಸ್ಪೀಟಿನ ಮ್ಯಾಲ ಸಿಟ್ಟಿಲ್ಲವ್ವಾ. ಸುಳ್ಳಿನ ಮ್ಯಾಲ ಸಿಟ್ಟು."

ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಈಳಿಗೆ ಮುಟ್ಟುವಂತಿಲ್ಲ. ಉಂಡಿಗಳನ್ನು ಹಿಂದಿನ ದಿನವೇ ಕಟ್ಟಿ ಡಬ್ಬಿ ತುಂಬಿಸಿರುತ್ತೇವೆ. ನಾಗಪ್ಪನಿಗೆ ಹಾಲೆರೆದು ಬಂದರೆ ವರ್ಷವಿಡೀ ರೊಟ್ಟಿ ಬಡಿದ ಕೈಗಳಿಗೆ ಅವತ್ತು ಕೆಲಸವಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತೇವೆ. ದುಡ್ಡು ಇಡುವುದಿಲ್ಲ, ಹುಣಸೆ ಬೀಜ ಇಡುತ್ತೇವೆ. ಒಬ್ಬೊಬ್ಬರಿಗೆ ಮೂರು ಎಲೆ. ಎಲೆ ಚಲೋ ಇದ್ದವರು ನಡುವಿನ ಗುಂಪಿಗೆ ಬೀಜ ಏರಿಸುತ್ತ ಹೋಗಬೇಕು, ಇಲ್ಲದವರು ಎಲೆ ಕೆಳಗಿಟ್ಟು ಬಿಡಬೇಕು. ಕೊನೆಗೆ ಎಲೆ ತೋರಿಸಿದಾಗ ಯಾರದು ದೊಡ್ಡದೋ ಗುಂಪು ಅವರದು. ಬಿಡಿ ಎಲೆಗಿಂತ ಜೋಡಿ ಎಲೆ ದೊಡ್ಡದು.

ಈ ಆಟಕ್ಕೆ ನಮ್ಮ ಮನೆಯದೇ ಒಂದು ಕಟ್ಟಳೆ ಇದೆ. ಎಲ್ಲ ಕಡೆ ಎಕ್ಕ ದೊಡ್ಡದು, ಆಮೇಲೆ ರಾಜ, ಆಮೇಲೆ ರಾಣಿ. ನಮ್ಮಲ್ಲಿ ಪಂಚಮಿಯ ದಿನ ಮಾತ್ರ ರಾಣಿ ಎಲ್ಲಕ್ಕಿಂತ ಮೇಲು, ಎಕ್ಕಕ್ಕಿಂತಲೂ. ಇದು ಅತ್ತೆಯವರ ಅತ್ತೆ ಮಾಡಿದ್ದಂತೆ. ಹೆಣ್ಣುಮಕ್ಕಳ ಹಬ್ಬ, ರಾಜನಿಗೆ ಅವತ್ತು ಸೂಟಿ ಎಂದು ಅತ್ತೆಯವರು ನಗುತ್ತಾರೆ.

ಈಗ ಹೇಳುವುದು ಹೋದ ಶ್ರಾವಣದ ಮಾತು. ನಮ್ಮ ಓಣಿಯ ಹೆಂಗಸರು ಕೂಡಿ ಶ್ರೀಶೈಲಕ್ಕೆ ಹೋಗಲು ರೋಣದಿಂದ ಕ್ರೂಸರ್ ಗಾಡಿ ಗೊತ್ತು ಮಾಡಿದ್ದರು. ನಮ್ಮ ಮನೆಯ ಪಾಲಿಗೆ ಬಂದದ್ದು ಒಂದೇ ಸೀಟು. ಅತ್ತೆಯವರಿಗೆ ಮೊಣಕಾಲು ನೋವು, ಅವರು ಆಗಲೇ ಬೇಡವೆಂದಿದ್ದರು. ಉಳಿದವರು ನಾನು ಮತ್ತು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಅವಳೂ ಶ್ರೀಶೈಲದ ಮಲ್ಲಯ್ಯನನ್ನು ಕಂಡವಳಲ್ಲ, ಆಸೆ ಅವಳಿಗೂ ಇತ್ತು. ಆದರೆ ಓಣಿಯ ಗಾಡಿ ಹೊರಟಾಗಲೆಲ್ಲ ಮನೆಯಲ್ಲಿ ಉಳಿಯುತ್ತ ಬಂದವಳು ನಾನು. ಕಾರಣ ನಮ್ಮ ಎಮ್ಮೆ. ಅದು ನನ್ನೊಬ್ಬಳಿಗೇ ಹಾಲು ಬಿಡುತ್ತದೆ. ಬೇರೆಯವರು ಕುಳಿತರೆ ಒದೆಯುತ್ತದೆ, ಇಲ್ಲವೇ ಹಾಲು ಬಿಗಿಹಿಡಿದು ನಿಲ್ಲುತ್ತದೆ. ಆ ಎಮ್ಮೆಯ ಹಾಲು ಕುಡಿದೇ ನನ್ನ ಮಕ್ಕಳು ಬೆಳೆದಿದ್ದಾರೆ. ಅದೂ ದೇವರು ಕೊಟ್ಟದ್ದೇ ಎಂದು ಸುಮ್ಮನಿದ್ದೆ. ಆದರೆ ಮಲ್ಲಯ್ಯನನ್ನು ಒಮ್ಮೆ ಕೈಮುಟ್ಟಿ ನೋಡಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿತ್ತು.

ಪಂಚಮಿಯ ದಿನ ಅತ್ತೆಯವರೇ ತೀರ್ಪು ಕೊಟ್ಟರು. ಬೀಜ ಸಮ ಹಂಚುತ್ತೇನೆ, ಇಬ್ಬರೂ ಆಡಿರಿ, ಬೀಜ ತೀರಿಸಿಕೊಂಡವಳು ಮನೆಯಲ್ಲಿ ಎಂದರು. ನೆಗೆಣ್ಣಿ ಸೋತರೆ ನನ್ನ ಹಳೆಯ ಸೀರೆ ಉಟ್ಟು ಹಿಂಡಬೇಕು, ಸೀರೆಯ ವಾಸನೆಗಾದರೂ ಎಮ್ಮೆ ಒಪ್ಪೀತು. ನೆಗೆಣ್ಣಿ ಕುಲುಕುಲು ನಕ್ಕಳು. ಅವಳು ಮೊಬೈಲಿನಲ್ಲಿ ದಿನಾ ಇದೇ ಆಟ ಆಡುವವಳು.

ಮಧ್ಯಾಹ್ನದವರೆಗೆ ಒಮ್ಮೆ ಅವಳ ಗುಂಪು ದೊಡ್ಡದು, ಒಮ್ಮೆ ನನ್ನದು. ಮತ್ತೆ ಇಬ್ಬರದೂ ಸಮಸಮ ಆದಾಗ ಅತ್ತೆಯವರು ಎಲೆ ಹಂಚಿದರು. ಎತ್ತಿ ನೋಡಿದೆ. ಎರಡು ರಾಣಿ, ಒಂದು ನಾಲ್ಕು.

ನೆಗೆಣ್ಣಿ ತನ್ನ ಎಲೆ ನೋಡಿ, ಒಂದನ್ನು ತೆಗೆದು ಇನ್ನೊಂದರ ಪಕ್ಕಕ್ಕೆ ಸೇರಿಸಿ, ಒಂದು ಹಿಡಿ ಬೀಜ ನಡುವೆ ಸುರಿದಳು. ನಾನೂ ಸುರಿದೆ. ಅವಳು ಮತ್ತೆ. ನಾನು ಮತ್ತೆ. ಅಷ್ಟೊತ್ತಿಗೆ ಇಬ್ಬರ ಮುಂದೆಯೂ ಸಣ್ಣ ಗುಂಪಷ್ಟೇ ಉಳಿಯಿತು, ನಡುವಿನದು ರಾಶಿಯಾಯಿತು. ಈಗ ಎಲೆ ಬಿಟ್ಟರೆ ರಾಶಿ ಅವಳದು, ಆದರೂ ನನ್ನ ಮುಂದೆ ಕೈತುಂಬ ಬೀಜ ಇದೆ, ಇನ್ನಷ್ಟು ಹೊತ್ತು ಆಡಬಹುದು. ಮುಂದುವರಿದು ಸೋತರೆ ಎಮ್ಮೆಯ ಕೊಟ್ಟಿಗೆಯೇ ನನ್ನ ಶ್ರೀಶೈಲ.

ಅವಳ ಕೈಯಲ್ಲಿ ಏನಿರಬಹುದು? ಒಂದರ ಹಿಂದೆ ಒಂದು ಬರುವ ಮೂರು ಎಲೆಯ ಸಾಲಿದ್ದರೆ ನನ್ನ ಜೋಡಿ ರಾಣಿ ಎಷ್ಟು ದೊಡ್ಡದಾದರೂ ಸೋತ ಹಾಗೆ. ಜೋಡಿ ಎಕ್ಕವಿದ್ದರೆ ಬೇರೆ ದಿನ ನಾನು ಸೋಲುತ್ತಿದ್ದೆ, ಇವತ್ತು ಗೆಲ್ಲುತ್ತೇನೆ. ಅವಳ ಧೈರ್ಯ ನೋಡಿದರೆ ಎಕ್ಕವೇ ಇರಬೇಕು, ಮೊಬೈಲಿನ ರೂಢಿಯಲ್ಲಿ ಮನೆಯ ಕಟ್ಟಳೆ ಮರೆತಿರಬೇಕು ಅನಿಸಿತು. ಹಾಗಾದರೆ ಸುಮ್ಮನಿದ್ದು ಇನ್ನೊಂದು ಸುತ್ತು ಏರಿಸಿದರೆ ಸಾಕಿತ್ತು.

ಆದರೆ ಹೋಗಬೇಕಾದದ್ದು ಮಲ್ಲಯ್ಯನ ಹತ್ತಿರ. ಮರೆತವಳ ಮರೆವಿನ ಮೇಲೆ ಕುಳಿತುಕೊಂಡು ಗಾಡಿ ಹತ್ತುವುದೇ? ನನ್ನ ಮನಸ್ಸು ಅದಕ್ಕೆ ಒಪ್ಪಲಿಲ್ಲ.

"ತಂಗಿ, ನೆನಪೈತಿಲ್ಲೋ," ಎಂದೆ. "ಇವತ್ತ ನಮ್ಮನ್ಯಾಗ ಎಕ್ಕದಕಿಂತ ರಾಣಿ ಮ್ಯಾಲ."

ಅವಳ ಕಣ್ಣು ತಟ್ಟನೆ ಎಲೆಗಳ ಮೇಲೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ನನ್ನ ಮುಖ ನೋಡಿ ನಕ್ಕಳು.

"ಯಕ್ಕಾ, ನನ್ನ ಹೆದರಸಾಕ ಹತ್ತೀ ಏನ?" ಅನ್ನುತ್ತ ತನ್ನ ಮುಂದಿದ್ದ ಬೀಜವನ್ನೆಲ್ಲ ಅಂಗೈಯಿಂದ ಬಳಿದು ನಡುವೆ ನೂಕಿದಳು.

ನಾನು ಸೆರಗಿನೊಳಗೆ ಕೈ ಹಾಕಿ ಕೊರಳಿನ ಲಿಂಗ ಹಿಡಿದುಕೊಂಡೆ. ಬೇಡಿಕೊಳ್ಳಲಿಲ್ಲ, ಇಸ್ಪೀಟಿನ ಎಲೆ ಬದಲಿಸು ಎಂದು ದೇವರನ್ನು ಕೇಳುವಷ್ಟು ಹುಚ್ಚಿ ನಾನಲ್ಲ. ತಲೆ ತಣ್ಣಗಾಗಲಿ ಎಂದು ಹಿಡಿದೆ. ಆಗ ಹೊಳೆಯಿತು: ಸಾಲು ಕೈಯಲ್ಲಿದ್ದವಳಿಗೆ ಎಕ್ಕ ಮೇಲಾದರೇನು, ರಾಣಿ ಮೇಲಾದರೇನು? ನನ್ನ ಮಾತಿಗೆ ಅವಳು ಎಲೆ ನೋಡಿಕೊಳ್ಳುವ ಅಗತ್ಯವೇ ಇರಲಿಲ್ಲ. ನೋಡಿಕೊಂಡಳು ಎಂದರೆ ನನ್ನ ಮಾತು ಅವಳ ಎಲೆಗೆ ತಾಗಿದೆ.

ನನ್ನ ಬೀಜವನ್ನೆಲ್ಲ ನೂಕಿದೆ. "ತೋರ್ಸವಾ," ಎಂದೆ.

ಜೋಡಿ ಎಕ್ಕ. ಜೊತೆಗೊಂದು ಒಂಬತ್ತು.

ನಾನು ರಾಣಿಯರನ್ನು ಚಾಪೆಯ ಮೇಲೆ ಇಟ್ಟೆ. ನೆಗೆಣ್ಣಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಕಟ್ಟಳೆ ಅವಳಿಗೆ ಖರೇನೇ ಮರೆತಿತ್ತಂತೆ. ನಾನು ಹೇಳಿದ ಮೇಲೆ ನೆನಪಾಗಿ, ಬಿಡಬೇಕು ಎಂದೇ ಇದ್ದಳಂತೆ.

"ಮತ್ಯಾಕ ಬಿಡಲಿಲ್ಲ?" ಎಂದು ಅತ್ತೆಯವರು ಕೇಳಿದರು.

"ಕೈಯಾಗ ರಾಣಿ ಇದ್ದಾಕಿ ರಾಣಿ ಸುದ್ದಿ ತಗೀತಾಳೇನ್ರಿ ಅತ್ತಿ? ಇಲ್ಲ ಅಂತನ ಹೇಳಾಕತ್ತಾಳ ಅನ್ಕೊಂಡ್ನಿ."

ಅತ್ತೆಯವರು ಬೀಜಗಳನ್ನು ಚೀಲಕ್ಕೆ ತುಂಬುತ್ತ, ನನ್ನ ಕಡೆ ನೋಡದೆ, ಸಾವಕಾಶ ಹೇಳಿದರು: "ಒಂದ ಒಲಿ ಮುಂದ ಇಷ್ಟ ವರ್ಷ ಕುಂತೀ. ನಿಮ್ಮಕ್ಕ ಇದ್ದದ್ದ ಹೇಳತಾಳ ಅನ್ನೂದು ಇನ್ನೂ ಗೊತ್ತಾಗಲಿಲ್ಲೇನ ನಿನಗ?"

ಅತ್ತೆಯವರು ಹೊಗಳುವವರಲ್ಲ. ನನ್ನ ಹೋಳಿಗೆ ತಿಂದು "ನಡೀತೈತಿ" ಅನ್ನುವವರು. ಆ ಮಾತು ಕೇಳಿ ನನ್ನ ಎದೆ ಉಬ್ಬಿತು, ಈಗಲೂ ಉಬ್ಬುತ್ತದೆ. ಅದನ್ನು ಮುಚ್ಚಿಟ್ಟು ಸುಳ್ಳು ಯಾಕೆ ಹೇಳಲಿ?

ಗಾಡಿ ಬರುವ ಮುಂಜಾನೆ ನೆಗೆಣ್ಣಿ ನನ್ನ ಹಸಿರು ಹತ್ತಿ ಸೀರೆ ಉಟ್ಟು ಕೊಟ್ಟಿಗೆಗೆ ಹೋದಳು. ಮುಖದ ಮೇಲೆ ಸಿಟ್ಟಿರಲಿಲ್ಲ. ಒದ್ದರೆ ನೀನೇ ದವಾಖಾನೆಗೆ ಒಯ್ಯಬೇಕು ನೋಡು ಎಂದು ನನ್ನನ್ನೇ ಚೇಷ್ಟೆ ಮಾಡಿದಳು. ನಾನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಓಣಿಯ ತುದಿಯಲ್ಲಿ ಗಾಡಿಯವನು ಹಾರ್ನ್ ಬಾರಿಸುತ್ತಿದ್ದ. ಎಮ್ಮೆ ಅವಳ ಸೆರಗು ಮೂಸಿತು, ಬಾಲ ಬೀಸಿತು, ಮತ್ತೊಮ್ಮೆ ಮೂಸಿತು. ಸ್ವಲ್ಪ ಹೊತ್ತಿನ ಮೇಲೆ ಚರಿಗೆಗೆ ಹಾಲು ಬೀಳುವ ಸದ್ದು ಕೇಳಿಸಿತು. ಅದು ಕಿವಿಗೆ ಬಿದ್ದ ಮೇಲೆಯೇ ನಾನು ಹೊಸ್ತಿಲು ದಾಟಿದೆ.

ಮಲ್ಲಯ್ಯನನ್ನು ಕೈಮುಟ್ಟಿ ನೋಡಿದೆ. ಕಲ್ಲು ತಣ್ಣಗಿತ್ತು. ಕೇಳಬೇಕೆಂದು ಕಟ್ಟಿಕೊಂಡು ಹೋದದ್ದೆಲ್ಲ ಅಲ್ಲಿ ಮರೆತುಹೋಯಿತು. ನೆಗೆಣ್ಣಿಗೆ ಬಳೆ, ಅತ್ತೆಯವರಿಗೆ ವಿಭೂತಿ ತಂದೆ. ಎಮ್ಮೆ ಈಗ ಇಬ್ಬರಿಗೂ ಹಾಲು ಬಿಡುತ್ತದೆ. ಮುಂದಿನ ಗಾಡಿಗೆ ಅವಳು ಹೋಗಬಹುದು, ಅದಕ್ಕೆ ಇಸ್ಪೀಟು ಬೇಕಾಗಿಲ್ಲ.

ಮನೆಗೆ ಯಾರೇ ಬರಲಿ, ಅತ್ತೆಯವರು ಈ ಕಥೆ ಹೇಳದೆ ಚಹಾ ಕೊಡಿಸುವುದಿಲ್ಲ. ಹೇಳುತ್ತ ಹೇಳುತ್ತ ಅದು ಬೆಳೆದಿದೆ. ಗಜೇಂದ್ರಗಡದ ಬೀಗರಿಗೆ ಹೇಳುವಾಗ ನನ್ನ ಕೈಯಲ್ಲಿ ಮೂರು ರಾಣಿಯರಿದ್ದರು. ನಾನು ಅಡುಗೆಮನೆಯಿಂದಲೇ ಕೂಗಿ ಹೇಳಿದೆ: "ಮೂರಲ್ಲರಿ ಅತ್ತಿ, ಎರಡ."

"ನೋಡ್ರಿ," ಎಂದರು ಅತ್ತೆಯವರು ಬೀಗರಿಗೆ, "ನಾ ಹೇಳಲಿಲ್ಲಾ?"